ಗೋಧ್ರಾದ ಕಲ್ಲಿನ ಪುಡಿ, ಅಲಿರಾಜಪುರದ ಎಕ್ಸ್‌ರೇ: 238 ಸಾವುಗಳ ಪರಿಹಾರಕ್ಕೆ ಯಾಕೆ ಹತ್ತು ವರ್ಷ ಹಿಡಿಯಿತು?

ಮಧ್ಯಪ್ರದೇಶದ ಪಶ್ಚಿಮ ತುದಿಯಲ್ಲಿ, ಗುಜರಾತಿನ ಗಡಿ ಕಡೆಗೆ, ಝಾಬುವಾ, ಅಲಿರಾಜಪುರ, ಧಾರ್ ಜಿಲ್ಲೆಗಳಿವೆ. ಭಿಲ್, ಭಿಲಾಲ ಆದಿವಾಸಿಗಳ ಸೀಮೆ ಅದು. ಗುಡ್ಡದ ಇಳಿಜಾರಿನಲ್ಲಿ ತುಂಡು ಹೊಲ, ಮಳೆ ನಂಬಿದ ಬೇಸಾಯ. ಮಳೆ ಕೈಕೊಟ್ಟ ವರ್ಷ ನಮ್ಮ ರಾಯಚೂರು, ಯಾದಗಿರಿ ಕಡೆಯವರು ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾರಲ್ಲ, ಅಲ್ಲಿನವರು ಗಡಿ ದಾಟಿ ಗುಜರಾತಿಗೆ ಹೋಗುತ್ತಾರೆ. 2000ದ ಆಸುಪಾಸಿನ ಬರದ ವರ್ಷಗಳಲ್ಲಿ ಹಾಗೆ ಹೋದ ಒಂದಷ್ಟು ಜನಕ್ಕೆ ಗೋಧ್ರಾ ಮತ್ತು ಬಾಲಾಸಿನೋರ್ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕಿತು. ಬೆಣಚುಕಲ್ಲನ್ನು, ಅಂದರೆ ಕ್ವಾರ್ಟ್ಜನ್ನು, ಒಡೆದು ಪುಡಿ ಮಾಡುವ ಕೆಲಸ.

ಕೆಲವರು ಅಲ್ಲಿ ದುಡಿದದ್ದು ಒಂದೆರಡು ವರ್ಷ, ಇನ್ನು ಕೆಲವರು ಬರೀ ತಿಂಗಳುಗಳ ಲೆಕ್ಕ. ಊರಿಗೆ ವಾಪಸ್ ಬಂದ ಮೇಲೆ ಕೆಮ್ಮು ಹತ್ತಿತು. ಗುಡ್ಡ ಹತ್ತಲು ಆಗದು, ಆಮೇಲೆ ಅಂಗಳ ದಾಟಲೂ ಆಗದು. ಮೈ ಇಳಿದು ಎಲುಬು ಕಂಡಿತು. ಒಬ್ಬರ ಹಿಂದೆ ಒಬ್ಬರು ಸಾಯತೊಡಗಿದರು. ಕೊನೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ದಾಖಲೆಯಲ್ಲಿ ನಿಂತ ಲೆಕ್ಕ ಇದು: ಸತ್ತವರು 238, ಕಾಯಿಲೆ ಬಿದ್ದವರು 304. ಕಾಯಿಲೆಯ ಹೆಸರು ಸಿಲಿಕೋಸಿಸ್, ಅಂದರೆ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಇಳಿದು ಬರುವ ರೋಗ.

ಈ ಪ್ರಕರಣದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ 'ರೋಗ ಪತ್ತೆ ತಡವಾಯಿತು' ಅಂತ ಹೇಳಿ ಮುಗಿಸುತ್ತಾರೆ. ತಡವಾದದ್ದು ನಿಜ. ಆದರೆ ರೋಗ ಇದೇ ಅಂತ ಗೊತ್ತಾದ ಮೇಲೂ ಹಣ ಬರಲಿಲ್ಲವಲ್ಲ, ಅದಕ್ಕೆ ಏನು ಹೇಳುವುದು? ನನ್ನ ಪ್ರಕಾರ ಗಂಟು ಇರುವುದು ಬೇರೆ ಕಡೆ. ಯಾರು ಎಲ್ಲಿ ಎಷ್ಟು ದಿನ ದುಡಿದರು ಅಂತ ಬರೆದಿಡಬೇಕಾದದ್ದು ಮಾಲೀಕ. ಅದನ್ನು ನೋಡಬೇಕಾದದ್ದು ಸರ್ಕಾರ. ಇಬ್ಬರೂ ಮಾಡದ ಕೆಲಸದ ಪುರಾವೆಯನ್ನು ಕೇಳಿದ್ದು ಮಾತ್ರ ಕಾರ್ಮಿಕನನ್ನು.

ಕೆಲಸ ಹೇಗಿರುತ್ತದೆ

ಕ್ವಾರ್ಟ್ಜ್ ಹೆಚ್ಚುಕಮ್ಮಿ ಅಪ್ಪಟ ಸಿಲಿಕಾ. ಗಾಜು, ಸೆರಾಮಿಕ್, ಫೌಂಡ್ರಿ, ಎಲ್ಲಕ್ಕೂ ಅದರ ಪುಡಿ ಬೇಕು. ಕಲ್ಲನ್ನು ಕ್ರಷರ್ ಬಾಯಿಗೆ ಸುರಿಯಬೇಕು. ಒಡೆದದ್ದನ್ನು ನುಣ್ಣಗೆ ಅರೆಯಬೇಕು, ಜರಡಿ ಹಿಡಿಯಬೇಕು, ಚೀಲಕ್ಕೆ ತುಂಬಿ ಬಾಯಿ ಹೊಲಿಯಬೇಕು. ಅರೆದ ಪುಡಿ ಮೈದಾ ಹಿಟ್ಟಿನಷ್ಟು ನುಣುಪು. ಚೀಲಕ್ಕೆ ಬೀಳುವಾಗಲೇ ಒಂದಷ್ಟು ಗಾಳಿಗೆ ಏಳುತ್ತದೆ. ಚೀಲ ತುಂಬುವವನ ಮುಖ ಇರುವುದು ಸರಿಯಾಗಿ ಅದರ ಮೇಲೆ.

ಕಣ್ಣಿಗೆ ಕಾಣುವ ಧೂಳು ಅಷ್ಟೊಂದು ಅಪಾಯದ್ದಲ್ಲ. ಅದು ಮೂಗಿನಲ್ಲೋ ಗಂಟಲಲ್ಲೋ ಸಿಕ್ಕಿಕೊಂಡು ಕಫದ ಜೊತೆ ಹೊರಗೆ ಬೀಳುತ್ತದೆ. ಕೊಲ್ಲುವುದು ಸುಮಾರು 5 ಮೈಕ್ರಾನ್‌ಗಿಂತ ಸಣ್ಣ ಕಣ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಇರುತ್ತದೆ, ಅಂದಾಜು ಮಾಡಿಕೊಳ್ಳಿ. ಟವೆಲ್ ಸುತ್ತಿಕೊಂಡರೆ ಅಂಥ ಕಣ ನಿಲ್ಲುವುದಿಲ್ಲ. ಆಗಷ್ಟೇ ಒಡೆದ ಸಿಲಿಕಾ ಹಳೆಯ ಧೂಳಿಗಿಂತ ಜಾಸ್ತಿ ವಿಷಕಾರಿ. ಕ್ರಷರ್ ಪಕ್ಕ ನಿಂತವನಿಗೆ ಸಿಗುವುದು ಅದೇ.

ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿದ ಕಣವನ್ನು ಅಲ್ಲಿನ ಕಾವಲು ಜೀವಕೋಶ ನುಂಗುತ್ತದೆ. ಬ್ಯಾಕ್ಟೀರಿಯಾ ಆಗಿದ್ದರೆ ಕರಗಿಸಿಬಿಡುತ್ತಿತ್ತು. ಕಲ್ಲು ಕರಗುವುದಿಲ್ಲ. ನುಂಗಿದ ಜೀವಕೋಶವೇ ಸಾಯುತ್ತದೆ, ಕಣ ಮತ್ತೆ ಹೊರಬರುತ್ತದೆ, ಇನ್ನೊಂದು ಜೀವಕೋಶ ನುಂಗುತ್ತದೆ. ಇದು ನಡೆದಲ್ಲೆಲ್ಲ ಗಾಯದ ಕಲೆ ಕಟ್ಟಿಕೊಂಡು ಗಂಟಾಗುತ್ತದೆ. ಕೆಲಸ ಬಿಟ್ಟು ಊರಿಗೆ ಬಂದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ, ಯಾಕೆಂದರೆ ಕಣ ಒಳಗೇ ಇದೆ. ಇದನ್ನು ಗುಣಪಡಿಸುವ ಔಷಧ ಇವತ್ತಿಗೂ ಇಲ್ಲ.

ಸಾಮಾನ್ಯವಾಗಿ ಸಿಲಿಕೋಸಿಸ್ ಕಾಣಿಸಿಕೊಳ್ಳಲು ಹತ್ತು ವರ್ಷ, ಅದಕ್ಕೂ ಜಾಸ್ತಿ ಬೇಕು. ಧೂಳು ಹೆಚ್ಚಿದ್ದರೆ ಐದರಿಂದ ಹತ್ತು ವರ್ಷ. ಧೂಳು ವಿಪರೀತ ಇದ್ದರೆ ಕೆಲವೇ ತಿಂಗಳುಗಳಿಂದ ಒಂದೆರಡು ವರ್ಷದೊಳಗೆ ಆಳು ಬೀಳಬಹುದು. ಗೋಧ್ರಾದಿಂದ ಬಂದ ಯುವಕರು ಇಷ್ಟು ಬೇಗ ಸತ್ತರು ಎನ್ನುವುದೇ ಆ ಶೆಡ್‌ಗಳ ಒಳಗೆ ಗಾಳಿ ಹೇಗಿತ್ತು ಅನ್ನುವುದಕ್ಕೆ ಸಾಕ್ಷಿ. ಧೂಳು ಅಳೆಯುವ ಯಂತ್ರದ ಅಂಕಿ ಇಲ್ಲದಿದ್ದರೂ ಇಷ್ಟು ಹೇಳಬಹುದು.

ಟಿಬಿ ಅಂದರು

ಕೆಮ್ಮು, ಉಬ್ಬಸ, ತೂಕ ಇಳಿಯುವುದು, ಆಗಾಗ ಜ್ವರ. ಇಷ್ಟು ಹೇಳಿದರೆ ಭಾರತದ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಬರುವ ಮಾತು ಟಿಬಿ. ಎಕ್ಸ್‌ರೇ ತೆಗೆದರೆ ಶ್ವಾಸಕೋಶದ ಮೇಲ್ಭಾಗದಲ್ಲಿ ಚುಕ್ಕೆ ಚುಕ್ಕೆ ನೆರಳು. ಟಿಬಿಯೂ ಮೇಲ್ಭಾಗದಲ್ಲೇ ಜಾಸ್ತಿ, ಸಿಲಿಕೋಸಿಸ್ಸೂ ಮೇಲ್ಭಾಗದಲ್ಲೇ ಜಾಸ್ತಿ. ಕಫದಲ್ಲಿ ರೋಗಾಣು ಸಿಗದಿದ್ದರೂ 'ಎಕ್ಸ್‌ರೇ ಟಿಬಿ ಥರ ಇದೆ' ಅಂತ ಆರು ತಿಂಗಳ ಮಾತ್ರೆ ಶುರುವಾಗುತ್ತದೆ. ಗುಣ ಕಾಣದಿದ್ದರೆ 'ಮಾತ್ರೆ ಸರಿಯಾಗಿ ನುಂಗಿಲ್ಲ' ಅಂತ ಬೈಗುಳ, ಮತ್ತೆ ಇನ್ನೊಂದು ಸುತ್ತು.

ಡಾಕ್ಟರುಗಳನ್ನು ಪೂರ್ತಿ ದೂರುವಂತೆಯೂ ಇಲ್ಲ. ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಟಿಬಿ ಬೇಗ ಅಂಟುತ್ತದೆ. ಕಾವಲು ಜೀವಕೋಶಗಳೇ ಸತ್ತಿರುತ್ತವಲ್ಲ. ಹಾಗಾಗಿ ಎಷ್ಟೋ ಜನಕ್ಕೆ ಎರಡೂ ಒಟ್ಟಿಗೆ ಇರುತ್ತದೆ. ಕಫದಲ್ಲಿ ಟಿಬಿ ಸಿಕ್ಕರೆ ಸಿಲಿಕೋಸಿಸ್ ಇಲ್ಲ ಅಂತ ಅರ್ಥವಲ್ಲ. ಆದರೆ ಫೈಲಿನಲ್ಲಿ ಒಂದು ಸಲ ಟಿಬಿ ಅಂತ ಬಿದ್ದರೆ ಸಾಕು, ಆಮೇಲೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಟಿಬಿ ಯಾರ ತಪ್ಪೂ ಅಲ್ಲದ ರೋಗ. ಸಿಲಿಕೋಸಿಸ್‌ಗೆ ಒಬ್ಬ ಮಾಲೀಕ ಇರುತ್ತಾನೆ. ಪರಿಹಾರದ ದೃಷ್ಟಿಯಿಂದ ಎರಡಕ್ಕೂ ಇರುವ ವ್ಯತ್ಯಾಸ ಅಷ್ಟೇ, ಆದರೆ ಅದೇ ಎಲ್ಲ.

ಹಾಗಾದರೆ ಸಿಲಿಕೋಸಿಸ್ ಅಂತ ಹೇಳುವುದು ಹೇಗೆ? ಬಯಾಪ್ಸಿ ಸಾಮಾನ್ಯವಾಗಿ ಬೇಕಾಗಿಲ್ಲ. ಧೂಳಿನಲ್ಲಿ ಕೆಲಸ ಮಾಡಿದ ಇತಿಹಾಸ, ಅದಕ್ಕೆ ಹೊಂದುವ ಎಕ್ಸ್‌ರೇ, ಬೇರೆ ಕಾಯಿಲೆ ಈ ಚಿತ್ರವನ್ನು ವಿವರಿಸುವುದಿಲ್ಲ ಎನ್ನುವ ಖಾತ್ರಿ. ಈ ಮೂರು ಕೂಡಿದರೆ ಆಯಿತು.

ಎಕ್ಸ್‌ರೇ ಓದುವುದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯದ್ದೇ ಒಂದು ಪದ್ಧತಿ ಇದೆ. ಐಎಲ್‌ಒ ಕ್ಲಾಸಿಫಿಕೇಶನ್ ಅಂತಾರೆ. ರೋಗಿಯ ಫಿಲಂ ಪಕ್ಕದಲ್ಲಿ ಸಂಸ್ಥೆ ಕೊಟ್ಟ ಮಾದರಿ ಫಿಲಂಗಳನ್ನು ಇಟ್ಟು ಹೋಲಿಸಬೇಕು. ಚುಕ್ಕೆ ಒಂದೂವರೆ ಮಿಲಿಮೀಟರ್‌ವರೆಗೆ ಇದ್ದರೆ 'ಪಿ', ಮೂರರವರೆಗೆ 'ಕ್ಯೂ', ಹತ್ತರವರೆಗೆ 'ಆರ್'. ಎಷ್ಟು ದಟ್ಟವಾಗಿವೆ ಅಂತ 0ಯಿಂದ 3ರವರೆಗೆ ಅಂಕ. ಅದನ್ನೂ ಒಡೆದು ಒಟ್ಟು 12 ಮೆಟ್ಟಿಲು. ಒಂದು ಸೆಂಟಿಮೀಟರ್ ದಾಟಿದ ನೆರಳು ಇದ್ದರೆ ಅದು ದೊಡ್ಡ ಗಂಟು, ರೋಗ ಬಲಿತಿದೆ ಅಂತ ಲೆಕ್ಕ. ತರಬೇತಿ ಪಡೆದವರಿಗೆ ಇದು ಕೆಲವೇ ನಿಮಿಷಗಳ ಕೆಲಸ. ಆದರೆ ಈ ತರಬೇತಿ ಇದ್ದವರು ಅಲಿರಾಜಪುರದಂಥ ಜಾಗದಲ್ಲಿ ಎಲ್ಲಿ ಸಿಗಬೇಕು?

ಎಕ್ಸ್‌ರೇ ಓದುವವರು ಸಿಗದಿದ್ದರೂ ಮೊದಲನೆಯ ಅಂಶಕ್ಕೆ ಖರ್ಚೇ ಇಲ್ಲ. 'ಏನು ಕೆಲಸ ಮಾಡ್ತೀಯ?' ಅಂತ ಒಂದು ಪ್ರಶ್ನೆ. ಇಟಲಿಯ ವೈದ್ಯ ರಾಮಾಝಿನಿ ಮುನ್ನೂರು ವರ್ಷದ ಹಿಂದೆಯೇ ರೋಗಿಯನ್ನು ಇದನ್ನೂ ಕೇಳಿ ಅಂತ ಹೇಳಿದ್ದ. ನಮ್ಮ ಓಪಿಡಿ ಚೀಟಿಯಲ್ಲಿ ಹೆಸರು, ವಯಸ್ಸು, ಗಂಡೋ ಹೆಣ್ಣೋ ಅನ್ನುವುದಕ್ಕೆ ಜಾಗ ಇರುತ್ತದೆ. ಕೆಲಸಕ್ಕೆ ಜಾಗ ಇದ್ದರೂ 'ಕೂಲಿ' ಅಂತ ಬರೆದು ಮುಗಿಸುತ್ತಾರೆ. ಗಾರೆ ಕೂಲಿಯೋ, ಹತ್ತಿ ಬಿಡಿಸುವ ಕೂಲಿಯೋ, ಕಲ್ಲು ಅರೆಯುವ ಕೂಲಿಯೋ? ಅದೇ ತಾನೇ ಬೇಕಾಗಿದ್ದದ್ದು.

ಇಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಊರಿನ ಸಂಘಟನೆಗಳು. ಖೇಡುತ್ ಮಜ್ದೂರ್ ಚೇತನಾ ಸಂಗಠ್, ಆಮೇಲೆ ರೋಗಿಗಳೇ ಕಟ್ಟಿಕೊಂಡ ಸಿಲಿಕೋಸಿಸ್ ಪೀಡಿತ್ ಸಂಘ. ಇವರು ಹಳ್ಳಿ ಹಳ್ಳಿ ತಿರುಗಿ ಪಟ್ಟಿ ಮಾಡಿದರು. ಯಾರ ಮನೆಯಿಂದ ಯಾರು ಹೋದರು, ಯಾವ ಕಾರ್ಖಾನೆ, ಎಷ್ಟು ತಿಂಗಳು, ಯಾವಾಗ ಕೆಮ್ಮು ಶುರುವಾಯಿತು, ಯಾವಾಗ ಸತ್ತರು. ಈ ಪಟ್ಟಿಯ ಬೆಲೆ ದೊಡ್ಡದು. ಒಬ್ಬನ ಎಕ್ಸ್‌ರೇ ನೋಡಿದರೆ ಟಿಬಿಯೋ ಸಿಲಿಕೋಸಿಸ್ಸೋ ಅಂತ ವಾದ ಮಾಡಬಹುದು. ಆದರೆ ಬರೀ ಟಿಬಿಯಾಗಿದ್ದರೆ ಊರಲ್ಲೇ ಉಳಿದವರಿಗೂ ಬರಬೇಕಿತ್ತು. ಒಂದೇ ಕಡೆ ದುಡಿದು ಬಂದ ಗಟ್ಟಿಮುಟ್ಟಾದ ಹುಡುಗರು, ಹೆಂಗಸರು ಸಾಲಾಗಿ ಸಾಯುವುದನ್ನು ಟಿಬಿಯೊಂದೇ ಹೇಗೆ ವಿವರಿಸುತ್ತದೆ? ಪಟ್ಟಿ ಈ ಪ್ರಶ್ನೆಯನ್ನು ಮುಂದಿಟ್ಟಿತು.

ಎಲ್ಲಿ ದುಡಿದೆ, ತೋರಿಸು

ರೋಗದ ಹೆಸರು ಸಿಕ್ಕಿತು. ಈಗ ದುಡ್ಡು ಯಾರು ಕೊಡಬೇಕು?

ಆಗಿನ ಕಾನೂನಿನ ಪುಸ್ತಕ ನೋಡಿದರೆ ದಾರಿ ಸಲೀಸು. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸಿಲಿಕೋಸಿಸ್ ಇತ್ತು. ಅಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೂ ಇತ್ತು. ಅಂದರೆ ಕೆಲಸದಿಂದ ಬಂದರೆ ಅಪಘಾತ ಆದ ಹಾಗೇ ಲೆಕ್ಕ, ಮಾಲೀಕ ಪರಿಹಾರ ಕೊಡಬೇಕಿತ್ತು. ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇದ್ದರೆ ಅದರ ನಿಗಮ ಕೊಡುತ್ತಿತ್ತು. ಬೇರೆ ರಾಜ್ಯದಿಂದ ಕರೆತಂದ ಕೂಲಿಯವರಿಗೆ ಅಂತಲೇ 1979ರ ಕಾಯ್ದೆ ಬೇರೆ. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಇವೆಲ್ಲ ಅವುಗಳೊಳಗೆ ಸೇರಿವೆ. ಈ ಪ್ರಕರಣ ನಡೆದ ಕಾಲಕ್ಕೆ ಹಳೆಯವೇ ಇದ್ದವು.

ಕಾರ್ಖಾನೆ ಕಾಯ್ದೆಯ 89ನೇ ಸೆಕ್ಷನ್ ನನಗೆ ತುಂಬ ಇಷ್ಟ. ಇಂಥ ರೋಗಿಯನ್ನು ನೋಡಿದ ಡಾಕ್ಟರು ತಡಮಾಡದೆ ಕಾರ್ಖಾನೆಗಳ ಮುಖ್ಯ ಇನ್‌ಸ್ಪೆಕ್ಟರ್‌ಗೆ ಬರೆದು ತಿಳಿಸಬೇಕಿತ್ತು. ಮೂರೇ ವಿಷಯ: ರೋಗಿಯ ಹೆಸರು ಮತ್ತು ವಿಳಾಸ, ಯಾವ ರೋಗ ಅಂತ ಅನುಮಾನ, ಕೊನೆಯದಾಗಿ ದುಡಿದ ಕಾರ್ಖಾನೆಯ ಹೆಸರು ಮತ್ತು ವಿಳಾಸ. ರೋಗ ಹೌದು ಅಂತ ಖಚಿತವಾದರೆ ಡಾಕ್ಟರಿಗೆ ಸರ್ಕಾರ ಫೀಸು ಕೊಡಬೇಕಿತ್ತು, ಆ ಫೀಸನ್ನು ಮಾಲೀಕನಿಂದ ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಬಹುದಿತ್ತು. ತಿಳಿಸದ ಡಾಕ್ಟರಿಗೆ ಒಂದು ಸಾವಿರ ರೂಪಾಯಿವರೆಗೆ ದಂಡ ಇತ್ತು. ಬರೆದವರು ಎಲ್ಲ ಯೋಚನೆ ಮಾಡಿಯೇ ಬರೆದಿದ್ದಾರೆ. ಒಂದನ್ನು ಬಿಟ್ಟು. ರೋಗಿಯನ್ನು ನೋಡುವ ಡಾಕ್ಟರು ಒಂದು ರಾಜ್ಯದಲ್ಲಿ, ಕಾರ್ಖಾನೆಯ ಇನ್‌ಸ್ಪೆಕ್ಟರ್ ಇನ್ನೊಂದು ರಾಜ್ಯದಲ್ಲಿ ಇದ್ದರೆ? ಗುಳೆ ಹೋದವನು ಕಾಯಿಲೆ ಬೀಳುವುದು ಕೆಲಸದ ಜಾಗದಲ್ಲಲ್ಲ, ಊರಿನಲ್ಲಿ. ಝಾಬುವಾದ ಡಾಕ್ಟರು ಗುಜರಾತಿನ ರಾಜಧಾನಿ ಗಾಂಧಿನಗರಕ್ಕೆ ಕಾಗದ ಬರೆಯುತ್ತಾರೆ ಅಂತ ಯಾರು ಅಂದುಕೊಳ್ಳುತ್ತಾರೆ?

ಇನ್ನು ಕಾಗದದ ಕಥೆ. ಪರಿಹಾರ ಕೇಳುವವನು ತಾನು ಅಲ್ಲಿ ದುಡಿದದ್ದು ನಿಜ ಅಂತ ತೋರಿಸಬೇಕು. ಗೋಧ್ರಾಕ್ಕೆ ಹೋದವರ ಹತ್ತಿರ ನೇಮಕದ ಪತ್ರ ಇರಲಿಲ್ಲ, ಗುರುತಿನ ಚೀಟಿ ಇರಲಿಲ್ಲ, ಇಎಸ್‌ಐ ಕಾರ್ಡ್ ಇರಲಿಲ್ಲ, ಪಗಾರದ ರಸೀದಿ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರೇ ಹತ್ತದವನು ಕಾನೂನಿನ ಕಣ್ಣಿಗೆ ಅಲ್ಲಿ ದುಡಿದೇ ಇಲ್ಲ.

ಇಲ್ಲಿ ಒಂದು ವಿಚಿತ್ರ ಇದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ದೊಡ್ಡ ತೀರ್ಪು ಕೊಟ್ಟಿತ್ತು. ಅರ್ಜಿ ಹಾಕಿದ್ದು ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ. ಕಾರ್ಮಿಕನ ಆರೋಗ್ಯ ಅವನ ಜೀವಿಸುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು. ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಕೊನೆಗೆ ಬರುತ್ತದೋ ಅಲ್ಲಿವರೆಗೆ ಮಾಲೀಕರು ಇಟ್ಟಿರಬೇಕು ಅಂತ ಆದೇಶ ಮಾಡಿತು. ಧೂಳಿನ ರೋಗ ನಿಧಾನ, ಆದ್ದರಿಂದ ಕಾಗದ ಅದಕ್ಕಿಂತ ಜಾಸ್ತಿ ಬಾಳಬೇಕು ಅನ್ನುವ ಯೋಚನೆ ಅದು. ಗೋಧ್ರಾದ ವಿಷಯಕ್ಕೆ ಬಂದರೆ 40 ವರ್ಷ ಹಾಗಿರಲಿ, 40 ದಿನದ ಕಾಗದವೂ ಕಾರ್ಮಿಕರ ಕೈಯಲ್ಲಿರಲಿಲ್ಲ.

ಖಾಯಂ ಕಾರ್ಮಿಕರು, ಕಂಪನಿಯದ್ದೇ ಆಸ್ಪತ್ರೆ ಇರುವ ಕಡೆ ಚಿತ್ರ ಬೇರೆ ಇರುತ್ತದೆ. ನಮ್ಮ ಕೆಜಿಎಫ್ ನೋಡಿ. 1940ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ 7,500ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 40ಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡಿತ್ತು. ಭಾರತದಲ್ಲಿ ಈ ರೋಗದ ಮೊದಲ ದಾಖಲೆಗಳು ಅಲ್ಲಿಯವೇ. ಆ ಕಾರ್ಮಿಕರಿಗೆ ನ್ಯಾಯ ಸಿಕ್ಕಿತು ಅಂತ ನಾನು ಹೇಳುತ್ತಿಲ್ಲ. ಆದರೆ ಅವರು ಗಣಿಯಲ್ಲಿ ದುಡಿದಿದ್ದರೋ ಇಲ್ಲವೋ ಅಂತ ಯಾರೂ ಕೇಳಬೇಕಾಗಿರಲಿಲ್ಲ.

ಕಾಗದ ಎಲ್ಲ ಇದ್ದರೂ ಸೋಲಿಸುವ ದಾರಿಗಳಿವೆ, ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಕಲ್ಲಿದ್ದಲು ಗಣಿಗಳಲ್ಲಿ ನೌಕರಿಯ ದಾಖಲೆ ಪಕ್ಕಾ ಇರುತ್ತದೆ. ಅಲ್ಲಿ ಜಗಳ ಎಕ್ಸ್‌ರೇ ಮೇಲೆ. ಜಾನ್ಸ್ ಹಾಪ್ಕಿನ್ಸ್‌ನಂಥ ಹೆಸರಾಂತ ಆಸ್ಪತ್ರೆಯ ಒಬ್ಬ ರೇಡಿಯಾಲಜಿಸ್ಟ್ ಕಂಪನಿಗಳ ಪರವಾಗಿ ಫಿಲಂ ಓದುತ್ತಿದ್ದರು. 2000ದಿಂದ 1,500ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಅವರಿಗೆ ಬಲಿತ 'ಕಪ್ಪು ಶ್ವಾಸಕೋಶ', ಅಂದರೆ ಕಲ್ಲಿದ್ದಲಿನ ಧೂಳಿನಿಂದ ಬರುವ ರೋಗ, ಒಂದೂ ಕಾಣಲಿಲ್ಲ. ಕಾಣುತ್ತಿದ್ದದ್ದು ಟಿಬಿ, ಇಲ್ಲವೇ ಶಿಲೀಂಧ್ರದ ಸೋಂಕು. ಅವರು ಇಲ್ಲ ಅಂದ ನೂರಕ್ಕೂ ಹೆಚ್ಚು ಪ್ರಕರಣಗಳಲ್ಲಿ ಬಯಾಪ್ಸಿಯಲ್ಲೋ ಶವಪರೀಕ್ಷೆಯಲ್ಲೋ ರೋಗ ಸಾಬೀತಾಗಿತ್ತು. ಪತ್ರಕರ್ತ ಕ್ರಿಸ್ ಹ್ಯಾಂಬಿ 2013ರಲ್ಲಿ ಇದನ್ನು ಬಯಲಿಗೆಳೆದ ಮೇಲೆ ಆಸ್ಪತ್ರೆ ಆ ವಿಭಾಗದ ಕೆಲಸ ನಿಲ್ಲಿಸಿತು. ಮರುವರ್ಷ ಹ್ಯಾಂಬಿಗೆ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ಅಲ್ಲಿ ಟಿಬಿ ಅಂದದ್ದು ಹಣ ಪಡೆದ ತಜ್ಞ, ಇಲ್ಲಿ ಟಿಬಿ ಅಂದದ್ದು ಪುರುಸೊತ್ತಿಲ್ಲದ ಡಾಕ್ಟರು. ರೋಗಿಗೆ ಸಿಕ್ಕ ಚೀಟಿ ಮಾತ್ರ ಒಂದೇ.

ದೆಹಲಿಗೆ ಹೋದ ಅರ್ಜಿ

1923ರ ಕಾಯ್ದೆಯಡಿ ಅರ್ಜಿ ವಿಚಾರಿಸುವ ಪರಿಹಾರದ ಕಮಿಷನರ್ ಮುಂದೆ ಒಬ್ಬೊಬ್ಬರೇ ಹೋಗಿದ್ದರೆ ಈ ಕೇಸು ಅಲ್ಲೇ ಸಾಯುತ್ತಿತ್ತು. 238 ಕುಟುಂಬ, 238 ಅರ್ಜಿ, ಪ್ರತಿಯೊಂದರಲ್ಲೂ 'ದುಡಿದದ್ದಕ್ಕೆ ದಾಖಲೆ ಎಲ್ಲಿ?' ಎಂಬ ಮಾತು. ಸಾಲದ್ದಕ್ಕೆ ವಿಚಾರಣೆ ಬೇರೆ ರಾಜ್ಯದಲ್ಲಿ.

ಅದು ತಪ್ಪಿದ್ದು 2006ರಲ್ಲಿ. ದೆಹಲಿಯ 'ಪೀಪಲ್ಸ್ ರೈಟ್ಸ್ ಅಂಡ್ ಸೋಶಿಯಲ್ ರಿಸರ್ಚ್ ಸೆಂಟರ್', ಚಿಕ್ಕದಾಗಿ 'ಪ್ರಸಾರ್', ಸಿಲಿಕೋಸಿಸ್ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ಅರ್ಜಿ ಇಡೀ ದೇಶದ ಬಗ್ಗೆ. ಗೋಧ್ರಾಕ್ಕೆ ಹೋದವರ ವಿಷಯವೂ ಅದರೊಳಗೆ ಸೇರಿಕೊಂಡಿತು. 2009ರ ಮಾರ್ಚಿನಲ್ಲಿ ಕೋರ್ಟ್, ಇಂಥ ಪ್ರಕರಣಗಳನ್ನು ನೋಡಿ ಪರಿಹಾರ ಶಿಫಾರಸು ಮಾಡುವಂತೆ ಮಾನವ ಹಕ್ಕುಗಳ ಆಯೋಗಕ್ಕೆ ಹೇಳಿತು.

ಈ ಒಂದು ತಿರುವಿನಿಂದ ಪ್ರಶ್ನೆಯೇ ಬದಲಾಯಿತು. ಪರಿಹಾರದ ಕಮಿಷನರ್ ಕೇಳುವುದು 'ಈ ಮಾಲೀಕನ ಹತ್ತಿರ ಈ ಕಾರ್ಮಿಕ ದುಡಿದನೇ?' ಅಂತ. ಆಯೋಗ ಕೇಳಬಹುದಾದದ್ದು 'ಕಾರ್ಖಾನೆ ಕಾಯ್ದೆ ಜಾರಿ ಮಾಡಬೇಕಾದ ಸರ್ಕಾರ ಮಾಡಿತೇ?' ಅಂತ. ಮೊದಲನೆಯದಕ್ಕೆ ಉತ್ತರ ಕೊಡಬೇಕಾದವನು ಕಾರ್ಮಿಕ, ಎರಡನೆಯದಕ್ಕೆ ಸರ್ಕಾರ. ಹಾಜರಿ ಪುಸ್ತಕ ಇರಲಿಲ್ಲ ಎಂಬುದು ಮೊದಲ ಪ್ರಶ್ನೆಗೆ ಕಾರ್ಮಿಕನ ಸೋಲು. ಎರಡನೆಯದಕ್ಕೆ ಅದೇ ಸರ್ಕಾರದ ತಪ್ಪಿಗೆ ಸಾಕ್ಷಿ. ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಇದೊಂದೇ.

2010ರ ನವೆಂಬರಿನಲ್ಲಿ ಆಯೋಗದ ಶಿಫಾರಸು ಬಂತು. ಸತ್ತ 238 ಜನರ ಕುಟುಂಬಕ್ಕೆ ಗುಜರಾತ್ ಸರ್ಕಾರ ತಲಾ 3 ಲಕ್ಷ ರೂಪಾಯಿ ಕೊಡಬೇಕು. ಕಾಯಿಲೆ ಬಿದ್ದ 304 ಜನರಿಗೆ ಮಧ್ಯಪ್ರದೇಶ ಸರ್ಕಾರ ಪುನರ್ವಸತಿ ಮಾಡಬೇಕು. ದುಡಿದ ರಾಜ್ಯ ಸಾವಿಗೆ, ಹುಟ್ಟಿದ ರಾಜ್ಯ ಬದುಕಿಗೆ ಅಂತ ಹಂಚಿಕೆ.

ಶಿಫಾರಸು ಅಂದರೆ ಶಿಫಾರಸು ಅಷ್ಟೇ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಆಯೋಗಕ್ಕೆ ಹೇಳುವ ಅಧಿಕಾರ ಕೊಟ್ಟಿದೆ, ಕೊಡಿಸುವ ಅಧಿಕಾರ ಕೊಟ್ಟಿಲ್ಲ. ಗುಜರಾತ್ ಕೊಡಲಿಲ್ಲ. ವಿಷಯ ಮತ್ತೆ ಕೋರ್ಟಿಗೇ ಬಂತು. 2016ರ ಮೇ 4ರಂದು ಸುಪ್ರೀಂ ಕೋರ್ಟ್ 238 ಕುಟುಂಬಗಳಿಗೆ ತಲಾ 3 ಲಕ್ಷ ಕೊಡಲೇಬೇಕು ಅಂತ ಗುಜರಾತಿಗೆ ಆದೇಶ ಮಾಡಿತು. ಅರ್ಜಿ ಹಾಕಿ ಹತ್ತು ವರ್ಷ, ಶಿಫಾರಸು ಬಂದು ಐದೂವರೆ ವರ್ಷ ಆಗಿತ್ತು.

3 ಲಕ್ಷದ ಲೆಕ್ಕ

238 ಗುಣಿಸು 3 ಲಕ್ಷ ಅಂದರೆ 7 ಕೋಟಿ 14 ಲಕ್ಷ. ಒಂದು ರಾಜ್ಯದ ಬಜೆಟ್ಟಿಗೆ ಇದೊಂದು ಮೊತ್ತವೇ ಅಲ್ಲ. ಇಷ್ಟು ವರ್ಷ ಎಳೆದದ್ದು ಹಣದ ಕೊರತೆಗಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಆದರೆ 3 ಲಕ್ಷ ನ್ಯಾಯವಾದ ಮೊತ್ತವೇ? 1923ರ ಕಾಯ್ದೆಗೆ ತನ್ನದೇ ಸೂತ್ರ ಇತ್ತು, ಅದರಲ್ಲಿ ಹಾಕಿ ನೋಡೋಣ. ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 25 ವರ್ಷದವರಿಗೆ ಆ ಅಂಕಿ 216.91. 2000ದ ಡಿಸೆಂಬರಿನಿಂದ 2010ರ ಮೇವರೆಗೆ ಕೂಲಿ ಎಷ್ಟೇ ಇರಲಿ, ಲೆಕ್ಕಕ್ಕೆ ತಿಂಗಳಿಗೆ 4,000ಕ್ಕಿಂತ ಜಾಸ್ತಿ ಹಿಡಿಯುವಂತಿರಲಿಲ್ಲ. ಆ ಗರಿಷ್ಠ ಹಿಡಿದರೆ 4,33,820 ರೂಪಾಯಿ. ಕೂಲಿ ತಿಂಗಳಿಗೆ 2,000 ಅಂತ ಹಿಡಿದರೆ 2,16,910. ಅಂದರೆ 3 ಲಕ್ಷ ಅನ್ನುವುದು ಕಾನೂನಿನ ಲೆಕ್ಕದ ನಡುವೆ ಎಲ್ಲೋ ಬೀಳುತ್ತದೆ. ದಾನವೂ ಅಲ್ಲ, ದಂಡವೂ ಅಲ್ಲ. ಆ ಮಿತಿ ಎಷ್ಟು ಕೆಳಗಿತ್ತು ಅಂತ ತಿಳಿಯಬೇಕಾದರೆ 2020ರ ಜನವರಿಯಿಂದ ಬಂದ 15,000ದ ಮಿತಿ ಹಾಕಿ ನೋಡಿ. ಅದೇ 25ರ ಹುಡುಗನಿಗೆ 16,26,825.

ಹಾಗಾದರೆ 3 ಲಕ್ಷದ ತೊಂದರೆ ಏನು? ಒಂದು, ತಡ. ಅದೇ ಕಾಯ್ದೆಯಲ್ಲಿ, ಒಂದು ತಿಂಗಳೊಳಗೆ ಕೊಡದ ಮಾಲೀಕನಿಗೆ ಶೇ 12ರ ಬಡ್ಡಿ ಇತ್ತು, ಮೇಲೆ ಶೇ 50ರವರೆಗೆ ದಂಡ. ಆ ಬಡ್ಡಿಯನ್ನು ಸುಮ್ನೆ ಇಲ್ಲಿ ಹಾಕಿದರೆ 2010ರ ನವೆಂಬರಿನಿಂದ 2016ರ ಮೇವರೆಗೆ 3 ಲಕ್ಷಕ್ಕೆ 1,98,000 ರೂಪಾಯಿ ಆಗುತ್ತದೆ. ದಂಡದ ಮಾತು ಬಿಡಿ.

ಎರಡನೆಯದು ನನಗೆ ಇನ್ನೂ ಜಾಸ್ತಿ ಚುಚ್ಚುತ್ತದೆ. ಸತ್ತವರಿಗೆ ಹಣ, ಬದುಕಿದವರಿಗೆ 'ಪುನರ್ವಸತಿ'. ಹಳೆಯ ಕಾಯ್ದೆ ಹೀಗೆ ಯೋಚಿಸಿರಲಿಲ್ಲ. ಸಾವಿಗೆ ಕೂಲಿಯ ಶೇ 50 ಹಿಡಿದರೆ, ಪೂರ್ತಿ ದುಡಿಯಲಾಗದ ಸ್ಥಿತಿಗೆ ಶೇ 60 ಹಿಡಿಯುತ್ತಿತ್ತು. ಅದೇ ಹುಡುಗ ಹಾಸಿಗೆ ಹಿಡಿದರೆ 4,33,820 ಅಲ್ಲ, 5,20,584. ಇದರಲ್ಲಿ ಅರ್ಥ ಇದೆ. ಸಿಲಿಕೋಸಿಸ್ ಬಲಿತವನಿಗೆ ಆಕ್ಸಿಜನ್ ಬೇಕು, ಜಿಲ್ಲಾಸ್ಪತ್ರೆಗೆ ಓಡಾಡಲು ಬಸ್ಸಿನ ದುಡ್ಡು ಬೇಕು, ಅವನನ್ನು ನೋಡಿಕೊಳ್ಳಲು ಇನ್ನೊಬ್ಬರು ಕೂಲಿ ಬಿಟ್ಟು ಮನೆಯಲ್ಲಿರಬೇಕು. ಸತ್ತ ಮೇಲೆ ಬರುವ ಹಣ ಇದಕ್ಕೆ ಯಾವುದಕ್ಕೂ ಆಗುವುದಿಲ್ಲ.

ಮೂರನೆಯದು, ಕಾರ್ಖಾನೆ ಮಾಲೀಕರು. ಈ ಆದೇಶದಲ್ಲಿ ಹಣ ಕೊಡಬೇಕಾದದ್ದು ಸರ್ಕಾರ, ಅಂದರೆ ತೆರಿಗೆ ಕಟ್ಟುವ ಜನ. ಪುಡಿ ಮಾರಿ ಲಾಭ ಮಾಡಿದವರ ಜೇಬಿಗೆ ಅದು ಮುಟ್ಟುವುದಿಲ್ಲ. ಕಾಗದವಿಲ್ಲದ ಕಾರ್ಮಿಕನಿಗೆ ಹಣ ತಲುಪಿಸಲು ಕೋರ್ಟಿಗೆ ಇದೇ ದಾರಿ ಸಿಕ್ಕಿತು, ಅದನ್ನು ನಾನು ತಪ್ಪು ಅನ್ನಲಾರೆ. ಆದರೆ ಹಾಜರಿ ಪುಸ್ತಕ ಇಡದವನಿಗೆ ಅದರಿಂದ ಲಾಭವೇ ಆಯಿತು ಅನ್ನುವುದೂ ಅಷ್ಟೇ ನಿಜ.

ರಾಜಸ್ಥಾನ ಇದಕ್ಕೆ ಅರ್ಧ ಉತ್ತರ ಹುಡುಕಿದೆ. 2019ರಲ್ಲಿ ಅದು ಧೂಳಿನ ಶ್ವಾಸಕೋಶದ ರೋಗಗಳಿಗೇ ಒಂದು ನೀತಿ ತಂದಿತು. ಕಾರ್ಮಿಕ ತಾನೇ ಹೆಸರು ನೋಂದಾಯಿಸಬಹುದು. ವೈದ್ಯಕೀಯ ಮಂಡಳಿ ಪರೀಕ್ಷಿಸಿ ರೋಗ ಇದೆ ಅಂತ ಪ್ರಮಾಣಪತ್ರ ಕೊಟ್ಟರೆ 3 ಲಕ್ಷ, ಸತ್ತರೆ ಕುಟುಂಬಕ್ಕೆ ಇನ್ನೂ 2 ಲಕ್ಷ, ಬದುಕಿರುವಾಗ ತಿಂಗಳ ಪಿಂಚಣಿ. ಮಾಲೀಕನ ಹೆಸರು ಹೇಳಿ ಸಾಬೀತು ಮಾಡು ಅನ್ನುವ ಗೋಳಿಲ್ಲ. ಹಣದಲ್ಲಿ ಒಂದು ಪಾಲು ಗಣಿಗಳಿಂದ ಸಂಗ್ರಹವಾಗುವ ಜಿಲ್ಲಾ ಖನಿಜ ನಿಧಿಯಿಂದ ಬರುತ್ತದೆ. ಹಾಗಾಗಿ ಉದ್ಯಮವೂ ಸ್ವಲ್ಪ ಕೊಟ್ಟ ಹಾಗೆ ಆಯಿತು. ಬದುಕಿರುವಾಗಲೇ ದೊಡ್ಡ ಪಾಲು ಕೈಗೆ ಬರುವುದು ಗೋಧ್ರಾದ ಹಂಚಿಕೆಗಿಂತ ಮೇಲು. ಆದರೆ ಇಂಥ ನೀತಿಯಲ್ಲಿ ಎಲ್ಲ ಭಾರ ಆ ಒಂದು ಪ್ರಮಾಣಪತ್ರದ ಮೇಲೆ ಬೀಳುತ್ತದೆ. ಎಕ್ಸ್‌ರೇ ಓದುವವರು ಕಮ್ಮಿ ಇದ್ದಷ್ಟೂ ಸಾಲು ಉದ್ದವಾಗುತ್ತದೆ.

ಪಟ್ಟಿ ಮುಗಿದ ಮೇಲೆ

2006ರ ಆ ಅರ್ಜಿ ಕೊನೆಗೆ ಮುಗಿದದ್ದು 2024ರ ಆಗಸ್ಟ್ 6ರಂದು. ಸುಪ್ರೀಂ ಕೋರ್ಟ್ ಕೆಲಸವನ್ನು ಇಬ್ಬರಿಗೆ ಹಂಚಿತು. ಸಿಲಿಕೋಸಿಸ್ ತರುವ ಕಾರ್ಖಾನೆಗಳ ಪರಿಣಾಮದ ಮೇಲೆ, ಮಾಲಿನ್ಯ ನಿಯಂತ್ರಣ ಮಂಡಳಿಗಳ ಕೆಲಸದ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಣ್ಣಿಡಬೇಕು. ಎಲ್ಲ ರಾಜ್ಯಗಳಲ್ಲಿ ಪರಿಹಾರ ಹಂಚುವುದನ್ನು ಮಾನವ ಹಕ್ಕುಗಳ ಆಯೋಗ ನೋಡಿಕೊಳ್ಳಬೇಕು. ಇಎಸ್‌ಐ ನಿಗಮ, ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳು ಅದಕ್ಕೆ ಜೊತೆ ಕೊಡಬೇಕು.

ಧೂಳು ತಡೆಯುವುದು ಇದರಲ್ಲಿ ಕಷ್ಟದ ಕೆಲಸವೇ ಅಲ್ಲ. ಕಲ್ಲನ್ನು ನೀರು ಹಾಕಿ ಒದ್ದೆ ಮಾಡಿ ಅರೆಯುವುದು, ಕ್ರಷರನ್ನೂ ಜರಡಿಯನ್ನೂ ಮುಚ್ಚುವುದು, ಚೀಲದ ಬಾಯಿ ಹತ್ತಿರ ಗಾಳಿ ಹೀರುವ ಯಂತ್ರ ಇಡುವುದು. ಹೊಸ ಶೋಧನೆ ಏನೂ ಬೇಕಾಗಿಲ್ಲ. ನಮ್ಮ ಜಲ್ಲಿ ಕ್ರಷರ್‌ಗಳಿಗೂ ಎಂ-ಸ್ಯಾಂಡ್ ಘಟಕಗಳಿಗೂ ಇದೇ ಮಾತು. ಗ್ರಾನೈಟಿನಲ್ಲೂ ಸಿಲಿಕಾ ಇದೆ. ಅಲ್ಲಿ ದುಡಿಯುವವರಲ್ಲಿ ಬಿಹಾರ, ಒಡಿಶಾ ಕಡೆಯಿಂದ ಬಂದವರೂ ಇದ್ದಾರೆ. ಅವರು ಕಾಯಿಲೆ ಬೀಳುವುದೂ ಊರಿಗೆ ಹೋದ ಮೇಲೆಯೇ.

ಉಳಿದ ತೊಡಕು ಪಟ್ಟಿಯದ್ದು. 238, 304 ಅನ್ನುವ ಎರಡು ಅಂಕಿಗಳು 2010ರಲ್ಲಿ ನಿಂತವು. ಸಿಲಿಕೋಸಿಸ್ ಅಲ್ಲಿಗೆ ನಿಲ್ಲುವ ರೋಗವಲ್ಲ. ಅವತ್ತು ರೋಗಿಗಳ ಪಟ್ಟಿಯಲ್ಲಿದ್ದ ಒಬ್ಬ ಆಮೇಲೆ ಸತ್ತರೆ ಅವನ ಹೆಂಡತಿ ಯಾವ ಬಾಗಿಲು ತಟ್ಟಬೇಕು? ಗುಜರಾತಿಗೆ ಕೊಟ್ಟ ಆದೇಶದಲ್ಲಿದ್ದದ್ದು 238 ಹೆಸರು. ಮಧ್ಯಪ್ರದೇಶಕ್ಕೆ ಹೇಳಿದ್ದು ಬದುಕಿದವರ ಪುನರ್ವಸತಿ. ಅದೇ ಶೆಡ್ಡಿನಲ್ಲಿ ದುಡಿದು, ಪಟ್ಟಿ ಮಾಡುವ ಹೊತ್ತಿಗೆ ಕೆಮ್ಮು ಶುರುವಾಗದ ಕಾರಣ ಯಾವ ಪಟ್ಟಿಗೂ ಸೇರದವರ ಗತಿಯೂ ಇದೇ. ಅಂಥವರ ಅರ್ಜಿಗಳನ್ನು ಎರಡು ರಾಜ್ಯಗಳು ಒಂದರ ಕಡೆ ಇನ್ನೊಂದು ತಳ್ಳದ ಹಾಗೆ ನೋಡಿಕೊಳ್ಳುವ ಹೊಣೆ 2024ರ ಆದೇಶದ ಪ್ರಕಾರ ಈಗ ಆಯೋಗದ ಮೇಲಿದೆ.